ಗ್ಯಾಸ್ ಡ್ರೈಯರ್ ತಿರುಗುತ್ತದೆ, ಬಿಸಿ ಮಾತ್ರ ಆಗಲ್ಲ: ಎಲ್ಲಿಂದ ಹುಡುಕಬೇಕು?

ಡ್ರಮ್ ತಿರುಗುತ್ತದೆ, ಟೈಮರ್ ಇಳಿಯುತ್ತಾ ಹೋಗುತ್ತದೆ, ಸದ್ದೂ ಎಂದಿನಂತೇ ಇರುತ್ತದೆ. ಒಂದು ಗಂಟೆ ಬಿಟ್ಟು ಬಾಗಿಲು ತೆಗೆದರೆ ಜೀನ್ಸ್ ತಣ್ಣಗೆ, ಒದ್ದೆಯಾಗಿ ಕೂತಿರುತ್ತದೆ. ಅಮೆರಿಕದಲ್ಲಿ ಮನೆ ಮಾಡಿರುವ ನಮ್ಮವರಲ್ಲಿ ಅನೇಕರು ಇದನ್ನು ನೋಡಿರುತ್ತಾರೆ. ಊರಲ್ಲಾದರೆ ತಾರಸಿ ಮೇಲೆ ಹಗ್ಗಕ್ಕೆ ಹಾಕಿ ಬರಬಹುದಿತ್ತು. ಮಿನ್ನೆಸೋಟದ ಜನವರಿಯಲ್ಲಿ ಅದು ನಡೆಯುವುದಿಲ್ಲ.

ಇಂಥ ಹೊತ್ತಲ್ಲಿ ಹೆಚ್ಚಿನವರು ಮಾಡುವ ಕೆಲಸ ಒಂದೇ. ಒಂದು ವಿಡಿಯೋ ನೋಡಿ, ಅದರಲ್ಲಿ ತೋರಿಸಿದ ಬಿಡಿಭಾಗವನ್ನು ಅಂದೇ ಆರ್ಡರ್ ಮಾಡುವುದು. ಅದು ಸರಿಹೋಗದಿದ್ದರೆ ಇನ್ನೊಂದು. ಅದರ ಅಗತ್ಯವೇ ಇಲ್ಲ. ಗ್ಯಾಸ್ ಡ್ರೈಯರ್ ತನ್ನ ಕಾಯಿಲೆಯನ್ನು ತಾನೇ ತೋರಿಸುತ್ತದೆ. ಕೆಳಗಿನ ಕಿಂಡಿಯಲ್ಲಿ ಎರಡು ನಿಮಿಷ ಉರಿಯನ್ನು ನೋಡಿದರೆ ಕೆಟ್ಟಿರುವುದು ಯಾವುದು ಅಂತ ಹೆಚ್ಚೂಕಮ್ಮಿ ಗೊತ್ತಾಗುತ್ತದೆ. ದುಡ್ಡು ಖರ್ಚು ಮಾಡುವುದು ಆಮೇಲಿನ ಮಾತು.

ನಿಮ್ಮದು ಗ್ಯಾಸೋ, ಕರೆಂಟೋ?

ಕೇಳಲು ತಮಾಷೆ ಅನಿಸಬಹುದು. ಆದರೆ ಬಾಡಿಗೆ ಮನೆಗೋ ಕೊಂಡ ಮನೆಗೋ ಹೊಸದಾಗಿ ಬಂದವರಿಗೆ ಇದು ಗೊತ್ತಿರುವುದಿಲ್ಲ. ಡ್ರೈಯರ್ ಹಿಂದೆ ಟಾರ್ಚ್ ಹಾಕಿ ನೋಡಿ. ಕೈಯಗಲದ ದಪ್ಪ ಪ್ಲಗ್ ಇದ್ದರೆ ಅದು 240 ವೋಲ್ಟಿನ ಎಲೆಕ್ಟ್ರಿಕ್ ಡ್ರೈಯರ್. ಟಿವಿಗೆ ಹಾಕುವಂಥ ಮಾಮೂಲಿ ಮೂರು ಪಿನ್ನಿನ ಪ್ಲಗ್ ಇದ್ದು, ಪಕ್ಕದಲ್ಲಿ ಬಳುಕುವ ಒಂದು ಗ್ಯಾಸ್ ಪೈಪೂ ಇದ್ದರೆ ಗ್ಯಾಸ್ ಡ್ರೈಯರ್.

ಇದನ್ನು ಮೊದಲೇ ನೋಡಬೇಕು. ಯಾಕೆಂದರೆ "ಡ್ರೈಯರ್ ಬಿಸಿ ಆಗುತ್ತಿಲ್ಲ" ಅಂತ ಹುಡುಕಿದರೆ ಸಿಗುವ ಸಲಹೆಗಳಲ್ಲಿ ಬಹುಪಾಲು ಎಲೆಕ್ಟ್ರಿಕ್ ಡ್ರೈಯರಿನವು. "ಎರಡು ಬ್ರೇಕರ್‌ಗಳಲ್ಲಿ ಒಂದು ಬಿದ್ದಿರಬಹುದು", "ಹೀಟಿಂಗ್ ಎಲಿಮೆಂಟ್ ಸುಟ್ಟಿರಬಹುದು" ಅನ್ನುವುದೆಲ್ಲ ನಿಮಗೆ ಸಂಬಂಧಿಸಿದ್ದಲ್ಲ. ಗ್ಯಾಸ್ ಡ್ರೈಯರ್ ನಡೆಯುವುದು 120 ವೋಲ್ಟಿನ ಒಂದೇ ಲೈನಿನಲ್ಲಿ. ಡ್ರಮ್ ತಿರುಗುತ್ತಿದೆ ಅಂದರೆ ಕರೆಂಟ್ ಬರುತ್ತಿದೆ, ಅಷ್ಟೇ.

ಗ್ಯಾಸ್ ವಾಸನೆ ಬಂದರೆ ಮುಂದೆ ಓದಬೇಡಿ

ಕೊಳೆತ ಮೊಟ್ಟೆಯಂಥ ವಾಸನೆ ನಮಗೆ ಸಿಲಿಂಡರಿನಿಂದಲೇ ಪರಿಚಯ. ಇಲ್ಲಿನ ಪೈಪ್ ಗ್ಯಾಸಿಗೂ ಅಂಥದೇ ವಾಸನೆ ಬೆರೆಸಿರುತ್ತಾರೆ. ಅದು ಗಟ್ಟಿಯಾಗಿ ಬಂದರೆ ಲೈಟ್ ಹಾಕಬೇಡಿ, ಆರಿಸಲೂಬೇಡಿ. ಡ್ರೈಯರ್ ಪ್ಲಗ್ ಕೀಳಬೇಡಿ, ಒಳಗೆ ನಿಂತು ಫೋನ್ ಮಾಡಬೇಡಿ. ಮನೆಯವರನ್ನೆಲ್ಲ ಕರೆದುಕೊಂಡು ಹೊರಗೆ ಹೋಗಿ, ಅಲ್ಲಿಂದ 911ಕ್ಕೋ ಗ್ಯಾಸ್ ಕಂಪನಿಯ ತುರ್ತು ನಂಬರಿಗೋ ಕರೆ ಮಾಡಿ. ಅವರು ನಡುರಾತ್ರಿಯಾದರೂ ಬರುತ್ತಾರೆ.

ಇನ್ನೊಂದು ವ್ಯತ್ಯಾಸ ತಿಳಿದಿರಲಿ. ಊರಿನ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ನಿಲ್ಲುತ್ತದೆ. ಇಲ್ಲಿ ಪೈಪಿನಲ್ಲಿ ಬರುವ ನ್ಯಾಚುರಲ್ ಗ್ಯಾಸ್ ಗಾಳಿಗಿಂತ ಹಗುರ, ಮೇಲಕ್ಕೆ ಏರುತ್ತದೆ. ಹಳ್ಳಿಗಾಡಿನ ಮನೆಗಳಲ್ಲಿ ಹೊರಗೆ ಟ್ಯಾಂಕ್ ಇಟ್ಟು ಪ್ರೊಪೇನ್ ಬಳಸುತ್ತಾರೆ, ಅದು ನಮ್ಮ ಸಿಲಿಂಡರ್ ಗ್ಯಾಸಿನ ಹಾಗೇ ಕೆಳಗೆ ಇಳಿಯುತ್ತದೆ. ಬೇಸ್‌ಮೆಂಟಿನಲ್ಲಿ ಡ್ರೈಯರ್ ಇದ್ದು ಪ್ರೊಪೇನ್ ಸೋರಿದರೆ ಅಪಾಯ ಜಾಸ್ತಿ.

ಹಾಗೆಯೇ, ಇದು ಅಡುಗೆ ಒಲೆ ಅಲ್ಲ. ಈಗಿನ ಡ್ರೈಯರ್‌ಗಳಲ್ಲಿ ಸದಾ ಉರಿಯುವ ಪೈಲಟ್ ಉರಿ ಇರುವುದಿಲ್ಲ. ಕಡ್ಡಿ ಗೀರಿ, ಲೈಟರ್ ಹಿಡಿದು ಹಚ್ಚುವ ಪ್ರಯತ್ನ ಯಾವ ಕಾರಣಕ್ಕೂ ಬೇಡ.

ಏನನ್ನೂ ಬಿಚ್ಚದೆ ನೋಡಬಹುದಾದದ್ದು

ಮೊದಲು ಗುಂಡಿ. "ಏರ್ ಫ್ಲಫ್" ಅಥವಾ "ನೋ ಹೀಟ್" ಅಂತ ಇದ್ದರೆ ಅದು ಸುಮ್ನೆ ಗಾಳಿ ಊದುತ್ತದೆ, ಉರಿ ಹತ್ತಿಸುವುದೇ ಇಲ್ಲ. ಮಕ್ಕಳು ತಿರುಗಿಸಿರುತ್ತಾರೆ, ಅತಿಥಿಗಳು ಒತ್ತಿರುತ್ತಾರೆ. ಟೈಮ್ಡ್ ಡ್ರೈ, ಹೈ ಹೀಟ್ ಇಟ್ಟು ಹತ್ತು ನಿಮಿಷ ಓಡಿಸಿ ನೋಡಿ. ಸೆನ್ಸರ್ ಸೈಕಲ್ಲಿನಲ್ಲಿ ಪರೀಕ್ಷೆ ಮಾಡಬೇಡಿ. ಒಳಗಿನ ಎರಡು ಲೋಹದ ಪಟ್ಟಿಗಳ ಮೇಲೆ ಸಾಫ್ಟನರ್ ಜಿಡ್ಡು ಕೂತಿದ್ದರೆ ಬಟ್ಟೆ ಒಣಗಿತು ಅಂದುಕೊಂಡು ಮಷೀನು ಬೇಗ ನಿಂತುಬಿಡುತ್ತದೆ. ಆಗ ಬಿಸಿಯ ದೋಷವೇ ಇಲ್ಲದೆ ಬಟ್ಟೆ ಹಸಿ ಉಳಿಯುತ್ತದೆ. ಆ ಪಟ್ಟಿಗಳನ್ನು ರಬ್ಬಿಂಗ್ ಆಲ್ಕೋಹಾಲ್ ಹಾಕಿ ಒರೆಸಿದರೆ ಸಾಕು.

ಇನ್ನು ವಾಷರ್. ಬಟ್ಟೆ ಹಿಂಡಿದರೆ ನೀರು ಇಳಿಯುತ್ತಿದೆಯಾ? ಹಾಗಿದ್ದರೆ ತಪ್ಪು ವಾಷರಿನ ಸ್ಪಿನ್ನಿನದು.

ಆಮೇಲೆ ಗ್ಯಾಸ್ ಮನೆಗೆ ಬರುತ್ತಿದೆಯಾ ಅಂತ ನೋಡಿ. ಅಡುಗೆಮನೆಯ ಗ್ಯಾಸ್ ಒಲೆ ಹಚ್ಚಿ, ಇಲ್ಲವೇ ನಲ್ಲಿಯಲ್ಲಿ ಬಿಸಿನೀರು ಬರುತ್ತಿದೆಯಾ ನೋಡಿ. ಎರಡೂ ಇಲ್ಲದಿದ್ದರೆ ಗ್ಯಾಸೇ ನಿಂತಿದೆ. ಕ್ಯಾಲಿಫೋರ್ನಿಯಾದಲ್ಲಿ ಕೆಲವು ಮನೆಗಳಿಗೆ ಭೂಕಂಪವಾದರೆ ತಾನಾಗಿಯೇ ಮುಚ್ಚಿಕೊಳ್ಳುವ ವಾಲ್ವ್ ಹಾಕಿರುತ್ತಾರೆ. ನೆಲ ಸ್ವಲ್ಪ ಜೋರಾಗಿ ಅಲುಗಿದ ಮೇಲೆ ಎಲ್ಲವೂ ತಣ್ಣಗಾಗಿದ್ದರೆ ಅದೇ ಕಾರಣ ಇರಬಹುದು. ಮೀಟರಿನ ಹತ್ತಿರದ ಮುಖ್ಯ ವಾಲ್ವನ್ನು ನೀವೇ ತೆರೆಯಬೇಡಿ. ಗ್ಯಾಸ್ ಕಂಪನಿಯವರನ್ನೇ ಕರೆಯಿರಿ.

ಒಲೆ ಉರಿಯುತ್ತಿದ್ದು ಡ್ರೈಯರ್ ಮಾತ್ರ ತಣ್ಣಗಿದ್ದರೆ, ಅದರ ಹಿಂದಿನ ಪೈಪಿನ ವಾಲ್ವ್ ನೋಡಿ. ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಪೈಪಿಗೆ ಅಡ್ಡ ಇದ್ದರೆ ಮುಚ್ಚಿದೆ. ಮನೆ ಬದಲಾಯಿಸಿದ ಮೇಲೆ, ಅಥವಾ ಯಾರೋ ಹಿಂದೆ ಬಿದ್ದ ಕಾಲ್ಚೀಲ ತೆಗೆಯಲು ಡ್ರೈಯರ್ ಎಳೆದ ಮೇಲೆ ಬಿಸಿ ನಿಂತಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಎಳೆಯುವಾಗ ಪೈಪ್ ಮಡಚಿಕೊಂಡಿದೆಯಾ ಅಂತಲೂ ನೋಡಿ. ಹಳೇ ಮನೆಯಲ್ಲಿ ಮೇಲೆ ಲೇಪವಿಲ್ಲದ ಹಿತ್ತಾಳೆಯ ಬಳುಕು ಪೈಪ್ ಕಂಡರೆ ಡ್ರೈಯರನ್ನು ಅಲುಗಿಸಲೇಬೇಡಿ. ಅಂಥ ಪೈಪುಗಳ ತುದಿಯ ಬೆಸುಗೆ ಬಿಟ್ಟುಕೊಂಡು ಬೆಂಕಿ ಹತ್ತಿದ ಘಟನೆಗಳಿವೆ, ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವೇ ಎಚ್ಚರಿಕೆ ಕೊಟ್ಟಿದೆ. ಮೊದಲು ಪೈಪ್ ಬದಲಾಯಿಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಡ್ರೈಯರ್ ತಂದಿದ್ದೀರಾ? ಅದು ಪ್ರೊಪೇನ್‌ಗೆ ಬದಲಾಯಿಸಿದ್ದೋ ನ್ಯಾಚುರಲ್ ಗ್ಯಾಸಿನದೋ ಕೇಳಿ ತಿಳಿದುಕೊಳ್ಳಿ. ಬರ್ನರಿಗೆ ಗ್ಯಾಸ್ ಬಿಡುವ ರಂಧ್ರ ಎರಡಕ್ಕೂ ಬೇರೆ ಬೇರೆ ಅಳತೆಯದು ಬೇಕು. ಒಂದರದು ಇನ್ನೊಂದಕ್ಕೆ ಹಾಕಿ ಓಡಿಸುವುದು ಅಪಾಯ.

"ಸ್ವಲ್ಪ ಬಿಸಿ ಇದೆ, ಆದರೆ ಬಟ್ಟೆ ಒಣಗಲ್ಲ"

ಈ ದೂರು ಬಂದರೆ ನಾನು ಮೊದಲು ಕೇಳುವುದು ಹೊರಗೋಡೆಯ ಗಾಳಿಕಿಂಡಿಯ ಬಗ್ಗೆ. ಡ್ರೈಯರ್ ಕೆಲಸದಲ್ಲಿ ಬಿಸಿ ಅರ್ಧ, ಗಾಳಿ ಅರ್ಧ. ಒದ್ದೆ ಗಾಳಿ ಹೊರಗೆ ಹೋಗದಿದ್ದರೆ ಎಷ್ಟು ಉರಿದರೂ ಪ್ರಯೋಜನವಿಲ್ಲ. ಅಷ್ಟೇ ಅಲ್ಲ, ಬಿಸಿ ಒಳಗೇ ಕಟ್ಟಿಕೊಂಡು ರಕ್ಷಣೆಯ ಥರ್ಮೋಸ್ಟಾಟ್ ಮತ್ತೆ ಮತ್ತೆ ಉರಿ ಆರಿಸುತ್ತದೆ. ಮೂರು ನಿಮಿಷ ಬಿಸಿ, ಹತ್ತು ನಿಮಿಷ ತಣ್ಣಗೆ. ನೋಡುವವರಿಗೆ ಗ್ಯಾಸ್ ಕೆಟ್ಟಿದೆ ಅನಿಸುತ್ತದೆ.

ಡ್ರೈಯರ್ ಓಡುತ್ತಿರುವಾಗ ಹೊರಗೆ ಹೋಗಿ ನೋಡಿ. ಗೋಡೆಯ ಕಿಂಡಿಯ ರೆಕ್ಕೆ ಪೂರ್ತಿ ಎದ್ದು ನಿಂತಿರಬೇಕು, ಕೈ ಹಿಡಿದರೆ ಗಾಳಿ ಜೋರಾಗಿ ತಳ್ಳಬೇಕು. ರೆಕ್ಕೆ ಅರ್ಧ ಮಾತ್ರ ಅಲ್ಲಾಡುತ್ತಿದ್ದರೆ ದಾರಿ ಕಟ್ಟಿದೆ. ಚಳಿ ಊರುಗಳಲ್ಲಿ ರೆಕ್ಕೆ ಹಿಮಕ್ಕೆ ಅಂಟಿಕೊಂಡಿರುತ್ತದೆ. ವಸಂತದಲ್ಲಿ ಹಕ್ಕಿ ಗೂಡು ಕಟ್ಟಿರುತ್ತದೆ. ಹಕ್ಕಿ ಬರಬಾರದು ಅಂತ ಯಾರೋ ಬಲೆ ಬಡಿದಿದ್ದರೆ ಅದೇ ಲಿಂಟ್ (ಬಟ್ಟೆಯಿಂದ ಉದುರುವ ನೂಲಿನ ಧೂಳು) ಹಿಡಿದು ಮುಚ್ಚಿಹೋಗಿರುತ್ತದೆ. ಡ್ರೈಯರ್ ಕಿಂಡಿಗೆ ಬಲೆ ಹಾಕುವಂತಿಲ್ಲ.

ಒಳಗೆ ಬಂದು ಲಿಂಟ್ ಜಾಲರಿ ನೋಡಿ. ಪ್ರತಿ ಸಲ ಕೈಯಲ್ಲಿ ಬಳಿದು ತೆಗೆದರೂ ಡ್ರೈಯರ್ ಶೀಟಿನ ಮೇಣ ಅದರ ಸಣ್ಣ ಕಣ್ಣುಗಳನ್ನು ಮುಚ್ಚುತ್ತದೆ. ಕಣ್ಣಿಗೆ ಕಾಣುವುದಿಲ್ಲ. ನಲ್ಲಿ ಕೆಳಗೆ ಹಿಡಿಯಿರಿ. ನೀರು ಇಳಿದು ಹೋಗದೆ ಮೇಲೆ ನಿಂತರೆ ಸೋಪು ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ.

ಕೊನೆಗೆ ಡಕ್ಟ್, ಅಂದರೆ ಡ್ರೈಯರಿನ ಗಾಳಿಯನ್ನು ಹೊರಗೆ ಒಯ್ಯುವ ಕೊಳವೆ. ನಾಲ್ಕು ಇಂಚಿನ, ಒಳಗೆ ನುಣ್ಣಗಿರುವ ಲೋಹದ ಕೊಳವೆ ಇರಬೇಕು. ಬಿಳಿ ಪ್ಲಾಸ್ಟಿಕ್ ಕೊಳವೆ, ಅಲ್ಯೂಮಿನಿಯಂ ಹಾಳೆಯ ತೆಳು ಕೊಳವೆ ಇದ್ದರೆ ಕಿತ್ತು ಬಿಸಾಡಿ. ಅವು ಕುಸಿಯುತ್ತವೆ, ಸುಕ್ಕುಗಳಲ್ಲಿ ಲಿಂಟ್ ಹಿಡಿಯುತ್ತವೆ, ಬೆಂಕಿಗೆ ತಡೆಯುವುದಿಲ್ಲ. ಮನೆ ಕಟ್ಟುವ ಸಾಮಾನ್ಯ ನಿಯಮದ ಪ್ರಕಾರ ಡಕ್ಟಿನ ಉದ್ದ 35 ಅಡಿ ಮೀರಬಾರದು. ಪ್ರತಿ 90 ಡಿಗ್ರಿ ತಿರುವಿಗೆ 5 ಅಡಿ, 45 ಡಿಗ್ರಿ ತಿರುವಿಗೆ ಎರಡೂವರೆ ಅಡಿ ಕಳೆಯಬೇಕು. ಮೂರಂತಸ್ತಿನ ಟೌನ್‌ಹೋಮ್‌ಗಳಲ್ಲಿ ಡಕ್ಟ್ ಗೋಡೆಯೊಳಗೆ ಏರಿ ಛಾವಣಿಯಲ್ಲಿ ತೆರೆದುಕೊಳ್ಳುತ್ತದೆ. ಅದನ್ನು ನೀವು ಶುಚಿ ಮಾಡುವುದು ಕಷ್ಟ. ಏಣಿ ಹತ್ತಬೇಡಿ, ಡಕ್ಟ್ ಶುಚಿ ಮಾಡುವವರನ್ನು ಕರೆಸಿ. ಎಲ್‌ಜಿ ಡ್ರೈಯರಿನಲ್ಲಿ ಡಿ80, ಡಿ90, ಡಿ95 ಅಂತ ಬಂದರೆ ದಾರಿ ಶೇಕಡಾ ಅಷ್ಟು ಕಟ್ಟಿದೆ ಅಂತ ಅರ್ಥ.

ಇಲ್ಲೊಂದು ಎಚ್ಚರಿಕೆ. "ಡಕ್ಟ್ ಬಿಚ್ಚಿಟ್ಟು ಡ್ರೈಯರ್ ಓಡಿಸಿ ನೋಡಿ" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಎಲೆಕ್ಟ್ರಿಕ್ ಡ್ರೈಯರಿಗೆ ಅದು ನಡೆಯುತ್ತದೆ. ಗ್ಯಾಸ್ ಡ್ರೈಯರಿನಿಂದ ಬರುವ ಗಾಳಿಯಲ್ಲಿ ಉರಿದ ಗ್ಯಾಸಿನ ಹೊಗೆಯೂ ಇರುತ್ತದೆ, ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಹಾಗಾಗಿ ಡಕ್ಟ್ ಇಲ್ಲದೆ ಓಡಿಸಬೇಡಿ. ಚಳಿಗಾಲದಲ್ಲಿ ಬಿಸಿಗಾಳಿ ಪೋಲಾಗದಿರಲಿ ಅಂತ ನೀರಿನ ಡಬ್ಬಿಯ ಮೂಲಕ ಮನೆಯೊಳಗೇ ಬಿಡುವ ಸಾಧನಗಳನ್ನು ಮಾರುತ್ತಾರೆ. ಗ್ಯಾಸ್ ಡ್ರೈಯರಿಗೆ ಅವು ಸಲ್ಲ. ಬಟ್ಟೆ ಒಗೆಯುವ ಜಾಗದ ಹತ್ತಿರ ಕೆಲಸ ಮಾಡುವ ಸಿಒ (ಕಾರ್ಬನ್ ಮೊನಾಕ್ಸೈಡ್) ಅಲಾರಂ ಇದೆಯಾ ನೋಡಿಕೊಳ್ಳಿ. ಡ್ರೈಯರ್ ಸಣ್ಣ ಕ್ಲಾಸೆಟ್ಟಿನಲ್ಲಿ ಇದ್ದರೆ ಬಾಗಿಲಿಗೆ ಗಾಳಿ ಬರುವ ಸೀಳುಗಳಿರಬೇಕು.

ಲಿಂಟಿನ ವಿಷಯ ಇಷ್ಟು ಎಳೆಯುತ್ತಿರುವುದಕ್ಕೆ ಕಾರಣವಿದೆ. 2008ರಿಂದ 2010ರವರೆಗಿನ ಲೆಕ್ಕ ನೋಡಿ ಅಮೆರಿಕದ ಫೈರ್ ಅಡ್ಮಿನಿಸ್ಟ್ರೇಷನ್ ಹೇಳಿದ್ದು: ಮನೆಗಳಲ್ಲಿ ಡ್ರೈಯರಿನಿಂದ ವರ್ಷಕ್ಕೆ ಸುಮಾರು 2,900 ಬೆಂಕಿ ಅನಾಹುತ. ಅದರಲ್ಲಿ ಮುಖ್ಯ ಕಾರಣ, ಶೇಕಡಾ 34, ಶುಚಿ ಮಾಡದೇ ಇದ್ದದ್ದು.

ನಮ್ಮ ಮನೆಗಳಿಗೆ ಇನ್ನೊಂದು ಮಾತು ಸೇರಿಸಬೇಕು. ಎಣ್ಣೆ ಸ್ನಾನದ ಟವಲ್, ಎಣ್ಣೆ ಒರೆಸಿದ ಅಡುಗೆ ಬಟ್ಟೆ ಇವನ್ನು ಡ್ರೈಯರಿಗೆ ಹಾಕಬೇಡಿ. ಒಗೆದರೂ ಅಡುಗೆ ಎಣ್ಣೆ ಪೂರ್ತಿ ಹೋಗುವುದಿಲ್ಲ. ಬಿಸಿಯಾಗಿ ಮುದ್ದೆಯಾಗಿ ಬಿದ್ದಿರುವ ಎಣ್ಣೆ ಬಟ್ಟೆ ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳಬಹುದು. ಡ್ರೈಯರಿನ ಜೊತೆ ಬರುವ ಪುಸ್ತಕಗಳಲ್ಲೂ ಈ ಎಚ್ಚರಿಕೆ ಇರುತ್ತದೆ. ದೀಪಾವಳಿ ಮಾರನೇ ದಿನ ನೆನಪಿರಲಿ.

ಉರಿ ನೋಡುವುದು ಹೇಗೆ

ಇಲ್ಲಿವರೆಗೆ ಎಲ್ಲ ಸರಿ ಇದ್ದೂ ಬಿಸಿ ಇಲ್ಲ ಅಂದರೆ ಈಗ ಬಗ್ಗಿ ನೋಡುವ ಸಮಯ. ಬರ್ನರ್ ಇರುವುದು ಡ್ರೈಯರಿನ ಕೆಳಭಾಗದಲ್ಲಿ. ಕೆಲವು ಮಾಡೆಲ್ಲುಗಳಲ್ಲಿ ಮುಂದೆ ಕೆಳಗೆ ಸಣ್ಣ ಮುಚ್ಚಳದ ಕಿಂಡಿ ಇರುತ್ತದೆ. ಕೆಲವಕ್ಕೆ ಕೆಳಗಿನ ಪಟ್ಟಿಯನ್ನು ಚಪ್ಪಟೆ ಚಾಕುವಿನಲ್ಲಿ ಮೆಲ್ಲಗೆ ಎಬ್ಬಿಸಿದರೆ ಕಳಚಿ ಬರುತ್ತದೆ. ಇನ್ನು ಕೆಲವಕ್ಕೆ ಇಡೀ ಮುಂಭಾಗವನ್ನೇ ಬಿಚ್ಚಬೇಕು. ಹಾಗಿದ್ದರೆ ಅಲ್ಲಿಗೇ ಬಿಟ್ಟು ಮೆಕ್ಯಾನಿಕ್‌ನನ್ನು ಕರೆಯುವುದು ಲೇಸು. ಪಟ್ಟಿ ತೆಗೆಯುವ ಮುಂಚೆ ಪ್ಲಗ್ ಕೀಳಿ. ತೆಗೆದ ಮೇಲೆ ಅಲ್ಲಿ ಲಿಂಟ್ ರಾಶಿ ಬಿದ್ದಿದ್ದರೆ ಮೊದಲು ವ್ಯಾಕ್ಯೂಮ್ ಮಾಡಿ. ಆಮೇಲೆ ಪ್ಲಗ್ ಹಾಕಿ, ಕೈ, ಸೆರಗು, ದುಪಟ್ಟಾ ಯಾವುದೂ ಒಳಗೆ ಹೋಗದಂತೆ ದೂರ ಕೂತು ನೋಡಿ. ಮೊಬೈಲನ್ನು ನೆಲದ ಮೇಲಿಟ್ಟು ವಿಡಿಯೋ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಮೆಕ್ಯಾನಿಕ್‌ಗೂ ಅದನ್ನೇ ತೋರಿಸಬಹುದು.

ಸರಿಯಾಗಿದ್ದರೆ ಹೀಗೆ ನಡೆಯುತ್ತದೆ. ಮೋಟರ್ ಶುರುವಾದ ಸ್ವಲ್ಪ ಹೊತ್ತಿಗೆ ಇಗ್ನೈಟರ್ ಅನ್ನುವ ಬೂದುಬಣ್ಣದ ಪುಟ್ಟ ಕಡ್ಡಿ ಕೆಂಪಾಗಿ, ನಂತರ ಕಿತ್ತಳೆಯಾಗಿ ಹೊಳೆಯುತ್ತದೆ. ಅರ್ಧ ನಿಮಿಷ, ಜಾಸ್ತಿ ಅಂದರೆ ಒಂದು ನಿಮಿಷ. ಪಕ್ಕದಲ್ಲೇ ಇರುವ ಫ್ಲೇಮ್ ಸೆನ್ಸರ್ ಆ ಕಾವನ್ನು ಗುರುತಿಸಿ ಇಗ್ನೈಟರ್ ಆರಿಸುತ್ತದೆ. ಅದೇ ಕ್ಷಣ "ಟಕ್" ಅಂತ ಡ್ರೈಯರಿನೊಳಗಿನ ಗ್ಯಾಸ್ ವಾಲ್ವ್ ತೆರೆದು ಗ್ಯಾಸ್ ಬರುತ್ತದೆ. ಇಗ್ನೈಟರಿನಲ್ಲಿ ಉಳಿದ ಕಾವಿಗೇ ಅದು ಹತ್ತಿಕೊಂಡು ನೀಲಿ ಉರಿ ಭುಸ್ಸೆನ್ನುತ್ತದೆ. ಬಿಸಿ ಸಾಕಷ್ಟಾದ ಮೇಲೆ ಉರಿ ತಾನಾಗಿ ಆರುತ್ತದೆ, ತಣಿದಾಗ ಇದೇ ಕ್ರಮದಲ್ಲಿ ಮತ್ತೆ ಹತ್ತುತ್ತದೆ. ಬಟ್ಟೆ ಬಿಸಿಯಾಗಿದ್ದು ನಡುನಡುವೆ ಉರಿ ಆರಿದರೆ ಅದು ದೋಷ ಅಲ್ಲ.

ಈ ಸರಣಿ ಎಲ್ಲಿ ಮುರಿಯುತ್ತದೆ ಅನ್ನುವುದೇ ನಿಮಗೆ ಬೇಕಾದ ಉತ್ತರ.

ಇಗ್ನೈಟರ್ ಕೆಂಪಾಗುವುದೇ ಇಲ್ಲ

ಅಲ್ಲಿಗೆ ಕರೆಂಟ್ ತಲುಪುತ್ತಿಲ್ಲ, ಇಲ್ಲವೇ ಇಗ್ನೈಟರೇ ಒಡೆದಿದೆ. ಇದನ್ನು ಹುಡುಕಲು ಮಲ್ಟಿಮೀಟರ್ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅಗ್ಗದ್ದೇ ಸಾಕು. ಪ್ಲಗ್ ಕೀಳಿ, ಹಿಂದಿನ ಗ್ಯಾಸ್ ವಾಲ್ವ್ ಮುಚ್ಚಿ, ಡ್ರೈಯರ್ ತಣಿಯಲಿ. ಪರೀಕ್ಷೆಗಳೆಲ್ಲ ಕರೆಂಟ್ ಇಲ್ಲದಿರುವಾಗಲೇ, ಓಮ್ (ಕರೆಂಟಿಗೆ ಇರುವ ತಡೆ) ಅಳೆದು ಮಾಡುವಂಥವು.

ಮೊದಲು ಥರ್ಮಲ್ ಫ್ಯೂಸ್, ಅಂದರೆ ಅತಿಯಾಗಿ ಕಾದರೆ ಸುಟ್ಟು ಕರೆಂಟ್ ತಡೆಯುವ ಫ್ಯೂಸ್. ಸಾಮಾನ್ಯವಾಗಿ ಗಾಳಿ ಹೊರಹೋಗುವ ಬ್ಲೋವರ್ ಗೂಡಿನ ಮೇಲೆ ಇರುವ ಸಣ್ಣ ಬಿಳಿ ತುಂಡು. ಒಂದು ವೈರ್ ಕಳಚಿ ಅಳೆಯಿರಿ. ಸೊನ್ನೆ ಹತ್ತಿರ ತೋರಿಸಿದರೆ ಸರಿ ಇದೆ, ಏನೂ ತೋರಿಸದಿದ್ದರೆ ಸುಟ್ಟಿದೆ. ಕೆಲವು ಮಾಡೆಲ್ಲುಗಳಲ್ಲಿ ಇದು ಸುಟ್ಟರೆ ಡ್ರೈಯರೇ ಶುರುವಾಗದು, ಕೆಲವದರಲ್ಲಿ ಡ್ರಮ್ ತಿರುಗಿ ಬಿಸಿ ಮಾತ್ರ ನಿಲ್ಲುತ್ತದೆ. ಫ್ಯೂಸ್ ಕೆಲವೇ ಡಾಲರಿನ ವಸ್ತು. ಆದರೆ ಅದು ಸುಮ್ನೆ ಸುಡುವುದು ಅಪರೂಪ, ಹೆಚ್ಚಾಗಿ ಹಿಂದೆ ಕಟ್ಟಿದ ಡಕ್ಟ್ ಇರುತ್ತದೆ. ಡಕ್ಟ್ ಬಿಡಿಸದೆ ಹೊಸ ಫ್ಯೂಸ್ ಹಾಕಿದರೆ ಅದೂ ಸುಡುತ್ತದೆ. ವೈರ್ ತುಂಡು ಕಟ್ಟಿ ಫ್ಯೂಸನ್ನು ತಪ್ಪಿಸಿ ಓಡಿಸುವ ಜಾಣತನ ಮಾತ್ರ ಬೇಡ. ಮನೆ ಸುಡದಂತೆ ಅಲ್ಲಿ ಕೂತಿರುವ ಕೊನೆಯ ಕಾವಲು ಅದು.

ಬಿಸಿ ಮಿತಿ ಮೀರಿದರೆ ಉರಿ ಆರಿಸುವ, ಬರ್ನರ್ ಕೊಳವೆಯ ಮೇಲಿರುವ ಹೈ ಲಿಮಿಟ್ ಥರ್ಮೋಸ್ಟಾಟನ್ನೂ, ಫ್ಲೇಮ್ ಸೆನ್ಸರನ್ನೂ ಹೀಗೇ ಅಳೆಯಿರಿ. ತಣ್ಣಗಿರುವಾಗ ಎರಡೂ ಸೊನ್ನೆ ಹತ್ತಿರ ಇರಬೇಕು.

ಇಗ್ನೈಟರ್ ಮಾತ್ರ ಬೇರೆ ಲೆಕ್ಕ. ಅದು ಮಾಡೆಲ್ ನೋಡಿಕೊಂಡು ಸುಮಾರು 50ರಿಂದ 400 ಓಮ್ ತೋರಿಸುತ್ತದೆ. ಏನೂ ಬರದಿದ್ದರೆ ಹೋಗಿದೆ. ಕೂದಲೆಳೆಯಷ್ಟು ಬಿರುಕು ಇದ್ದರೂ ಸಾಕು. ಹೊಸದನ್ನು ಹಾಕುವಾಗ ಬೂದುಬಣ್ಣದ ಭಾಗವನ್ನು ಬೆರಳಿನಿಂದ ಮುಟ್ಟಬೇಡಿ. ಕೈಯ ಜಿಡ್ಡು ಕೂತ ಜಾಗದಲ್ಲಿ ಅದು ಬೇಗ ಹಾಳಾಗುತ್ತದೆ. ಬಿಳಿ ಬುಡವನ್ನು ಹಿಡಿದುಕೊಳ್ಳಿ. ಬಿಸ್ಕತ್ತಿನಂಥ ವಸ್ತು ಅದು, ಸ್ವಲ್ಪ ತಗುಲಿದರೂ ಮುರಿಯುತ್ತದೆ.

ಎಲ್ಲವೂ ಸರಿ ತೋರಿಸಿದರೆ ಉಳಿದಿರುವುದು ಮೋಟರಿನೊಳಗಿನ ಸ್ವಿಚ್, ಟೈಮರ್, ಕಂಟ್ರೋಲ್ ಬೋರ್ಡ್. ಇವನ್ನು ಪಕ್ಕಾ ಮಾಡಲು ಕರೆಂಟ್ ಹರಿಯುತ್ತಿರುವಾಗ ವೋಲ್ಟ್ ಅಳೆಯಬೇಕಾಗುತ್ತದೆ. ಅಭ್ಯಾಸ ಇಲ್ಲದವರು ಇಲ್ಲಿಗೆ ನಿಲ್ಲಿಸಿ.

ಕೆಂಪಾಗುತ್ತದೆ, ಆರುತ್ತದೆ, ಉರಿ ಹತ್ತಲ್ಲ

ಗ್ಯಾಸ್ ಡ್ರೈಯರಿನ ಎಲ್ಲ ದೋಷಗಳಲ್ಲಿ ನಾನು ಹೆಚ್ಚು ಕೇಳಿರುವುದು ಇದು. ಇಗ್ನೈಟರ್ ಚೆನ್ನಾಗಿ ಹೊಳೆಯುತ್ತದೆ, ಸಮಯಕ್ಕೆ ಸರಿಯಾಗಿ ಆರುತ್ತದೆ, ಆಮೇಲೆ ಕತ್ತಲೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊಳೆಯುತ್ತದೆ, ಮತ್ತೆ ಆರುತ್ತದೆ. ಅಂದರೆ ಫ್ಯೂಸ್, ಥರ್ಮೋಸ್ಟಾಟ್, ಇಗ್ನೈಟರ್, ಸೆನ್ಸರ್ ಎಲ್ಲವೂ ತಮ್ಮ ಕೆಲಸ ಮಾಡುತ್ತಿವೆ. ಗ್ಯಾಸ್ ಮಾತ್ರ ಬರುತ್ತಿಲ್ಲ. ಹೊಳೆಯುವುದನ್ನು ನೋಡಿಯೂ ಇಗ್ನೈಟರ್ ಕೊಳ್ಳುವವರಿದ್ದಾರೆ. ದುಡ್ಡು ದಂಡ.

ಮೊದಲು ಡ್ರೈಯರ್ ಹಿಂದಿನ ಪೈಪಿನ ವಾಲ್ವನ್ನು ಇನ್ನೊಮ್ಮೆ ನೋಡಿ. ಪೈಪಿನ ವಾಲ್ವ್ ಮುಚ್ಚಿದ್ದರೂ ಲಕ್ಷಣ ಇದೇ. ಇಗ್ನೈಟರ್ ಆರುವಾಗ "ಟಕ್" ಸದ್ದು ಕೇಳಿಸಿಯೂ ಉರಿ ಹತ್ತದಿದ್ದರೆ ಡ್ರೈಯರಿನೊಳಗಿನ ವಾಲ್ವ್ ತೆರೆಯುತ್ತಿದೆ, ಗ್ಯಾಸ್ ಹಿಂದೆಯೇ ಎಲ್ಲೋ ನಿಂತಿದೆ ಅಂತ ಅನುಮಾನ ಪಡಬಹುದು. ಸದ್ದೇ ಇಲ್ಲದಿದ್ದರೆ ಆ ವಾಲ್ವಿನ ಮೇಲಿರುವ ಕಾಯಿಲ್‌ಗಳು (ಕರೆಂಟ್ ಹರಿದಾಗ ಅಯಸ್ಕಾಂತವಾಗುವ ತಂತಿಸುರುಳಿಗಳು) ಅದನ್ನು ಎತ್ತುತ್ತಿಲ್ಲ.

ಕಾಯಿಲ್ ಕೆಡುವ ರೀತಿ ವಿಚಿತ್ರ. ಒಂದೇ ಸಲ ಸಾಯುವುದು ಕಮ್ಮಿ. ತಣ್ಣಗಿರುವಾಗ ಕೆಲಸ ಮಾಡುತ್ತದೆ, ಕಾದ ಮೇಲೆ ಕೈಕೊಡುತ್ತದೆ. ಅದಕ್ಕೇ ಜನ ಹೀಗೆ ಹೇಳುವುದು: "ಮೊದಲ ಲೋಡ್ ಚೆನ್ನಾಗಿ ಒಣಗಿತು, ಎರಡನೆಯದು ತಣ್ಣಗೇ ಉಳಿಯಿತು." ಅಥವಾ "ಬೆಳಿಗ್ಗೆ ಸರಿ ಇರುತ್ತೆ, ಸಂಜೆ ಹೊತ್ತಿಗೆ ಕೆಡುತ್ತೆ." ಈ ಮಾತು ಕೇಳಿದರೆ ಉರಿ ನೋಡುವ ಮುಂಚೆಯೇ ಕಾಯಿಲ್ ಅಂತ ಹೇಳಬಹುದು. ಆದರೂ ಎರಡನೇ ಲೋಡ್ ಹೊತ್ತಿನಲ್ಲಿ ಒಮ್ಮೆ ಬಗ್ಗಿ ನೋಡಿ. ಇಗ್ನೈಟರ್ ಹೊಳೆದು ಆರಿ ಉರಿ ಬರದಿದ್ದರೆ ಅನುಮಾನ ಗಟ್ಟಿ.

ಮೀಟರ್ ಇಲ್ಲಿ ಅಷ್ಟು ನೆರವಾಗದು. ವರ್ಲ್‌ಪೂಲ್ ಮಾದರಿಯ ವಾಲ್ವಿನಲ್ಲಿ ಕಾಯಿಲ್ ಅಳತೆ ಹೀಗಿರುತ್ತದೆ: 1 ಮತ್ತು 2ನೇ ತುದಿಗಳ ನಡುವೆ ಸುಮಾರು 1,365 ಓಮ್, 1 ಮತ್ತು 3ರ ನಡುವೆ ಸುಮಾರು 560, ಇನ್ನೊಂದು ಕಾಯಿಲಿನ 4 ಮತ್ತು 5ರ ನಡುವೆ ಸುಮಾರು 1,220. ಅಳತೆ ತೀರಾ ಬೇರೆ ಬಂದರೆ ಕೆಟ್ಟಿರುವುದು ಖಚಿತ. ಸರಿಯಾಗಿ ಬಂದರೆ? ಏನೂ ಖಚಿತ ಅಲ್ಲ. ನೀವು ಅಳೆದದ್ದು ತಣ್ಣಗಿರುವಾಗ, ಅದು ಕೆಡುವುದು ಕಾದಾಗ. ಲಕ್ಷಣವನ್ನು ನಂಬಿ, ಮೀಟರನ್ನಲ್ಲ.

ಒಳ್ಳೆಯ ಸುದ್ದಿ ಅಂದರೆ ಕಾಯಿಲ್ ಬದಲಾಯಿಸಲು ಗ್ಯಾಸಿನ ಯಾವ ಜೋಡಣೆಯನ್ನೂ ಬಿಚ್ಚಬೇಕಿಲ್ಲ. ಅವು ವಾಲ್ವಿನ ಮೇಲೆ ಟೋಪಿಯ ಹಾಗೆ ಕೂತಿರುತ್ತವೆ. ಪ್ಲಗ್ ಕಿತ್ತು, ಗ್ಯಾಸ್ ಮುಚ್ಚಿ, ವೈರ್ ಕನೆಕ್ಟರುಗಳ ಫೋಟೋ ತೆಗೆದುಕೊಂಡು ಕಳಚಿ. ಮೇಲಿನ ತಗಡಿನ ಪಟ್ಟಿಯ ಎರಡು ಸ್ಕ್ರೂ ಬಿಚ್ಚಿದರೆ ಕಾಯಿಲ್‌ಗಳು ಎತ್ತಿದರೆ ಬರುತ್ತವೆ. ಹೊಸವನ್ನು ಕೂರಿಸಿ ಪಟ್ಟಿ ಬಿಗಿ ಮಾಡಿ. ಒಂದು ಕೆಟ್ಟರೆ ಎರಡನ್ನೂ ಬದಲಾಯಿಸಿ, ಜೊತೆಯಾಗಿಯೇ ಮಾರುತ್ತಾರೆ. ವರ್ಲ್‌ಪೂಲ್, ಕೆನ್ಮೋರ್, ಮೇಟ್ಯಾಗ್ ಹೆಸರಿನ ಅನೇಕ ಡ್ರೈಯರ್‌ಗಳಿಗೆ 279834 ಅನ್ನುವ ಕಿಟ್ ಬರುತ್ತದೆ. ಆದರೂ ಬಾಗಿಲ ಚೌಕಟ್ಟಿನ ಒಳಗೆ ಅಂಟಿಸಿರುವ ಮಾಡೆಲ್ ನಂಬರ್ ಹಾಕಿ ಹೊಂದುತ್ತದೆಯಾ ನೋಡಿಯೇ ಕೊಳ್ಳಿ. ಇದಕ್ಕೆ ಆಗುವ ಖರ್ಚು ಹೋಟೆಲ್ ಊಟದಷ್ಟು. ಅಂಥ ಕಾಯಿಲಿಗಾಗಿ ಹೊಸ ಡ್ರೈಯರ್ ಕೊಂಡವರಿದ್ದಾರೆ.

ಕಾಯಿಲ್ ಹೊಸದಾಗಿಯೂ ಉರಿ ಇಲ್ಲ, ಪೈಪಿನ ವಾಲ್ವ್ ತೆರೆದಿದೆ, ಒಲೆ ಉರಿಯುತ್ತಿದೆ ಅಂದರೆ ಡ್ರೈಯರಿನ ಗ್ಯಾಸ್ ವಾಲ್ವೇ ಕೆಟ್ಟಿರಬಹುದು. ಅದನ್ನು ಮುಟ್ಟಬೇಡಿ.

ಕೆಂಪಾದದ್ದು ಆರುವುದೇ ಇಲ್ಲ

ಇದು ಸುಲಭ. ಇಗ್ನೈಟರ್ ನಿಮಿಷಗಟ್ಟಲೆ ಹೊಳೆಯುತ್ತಲೇ ಇದ್ದು ಉರಿ ಹತ್ತದಿದ್ದರೆ ಫ್ಲೇಮ್ ಸೆನ್ಸರ್ ಕಾವನ್ನು ಗುರುತಿಸುತ್ತಿಲ್ಲ. ಅದು ತೆರೆದುಕೊಳ್ಳುವವರೆಗೆ ಎರಡನೇ ಕಾಯಿಲಿಗೆ ಕರೆಂಟ್ ಹೋಗದು. ಸೆನ್ಸರ್ ಬದಲಾಯಿಸಿ. ಒಂದು ಸ್ಕ್ರೂ, ಎರಡು ವೈರ್. ಇದೂ ತಣ್ಣಗೆ ಅಳೆದರೆ ಸೊನ್ನೆಯನ್ನೇ ತೋರಿಸುತ್ತದೆ, ಅದನ್ನು ನೋಡಿ ಸರಿ ಇದೆ ಅಂದುಕೊಳ್ಳಬೇಡಿ.

ಉರಿ ಹತ್ತುತ್ತದೆ, ಆದರೆ ಸರಿ ಇಲ್ಲ

ಹತ್ತಿದ ಉರಿ ಕೆಲವೇ ಕ್ಷಣದಲ್ಲಿ ಆರಿಹೋಗುತ್ತಿದ್ದರೆ ಗಾಳಿದಾರಿ ಮತ್ತೊಮ್ಮೆ ನೋಡಿ. ಅದು ಸರಿ ಇದ್ದರೆ ಸೆನ್ಸರ್, ಕಾಯಿಲ್ ಮೇಲೆ ಅನುಮಾನ.

ನೀಲಿ ಉರಿಯ ತುದಿಯಲ್ಲಿ ಚೂರು ಹಳದಿ ಇದ್ದರೆ ಚಿಂತೆ ಇಲ್ಲ. ಉರಿ ಪೂರ್ತಿ ಹಳದಿಯಾಗಿ ತೂರಾಡುತ್ತಿದ್ದರೆ, ಮಸಿ ಹಿಡಿದಿದ್ದರೆ, ಬಟ್ಟೆಗೆ ಹೊಗೆ ವಾಸನೆ ಬಂದರೆ, ಹತ್ತುವಾಗ "ಢಬ್" ಅಂತ ಸದ್ದಾದರೆ ಅಲ್ಲೇ ನಿಲ್ಲಿಸಿ ಪ್ಲಗ್ ಕೀಳಿ, ಗ್ಯಾಸ್ ಮುಚ್ಚಿ. ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ ಅಂತ ಇದರ ಅರ್ಥ, ಕಾರ್ಬನ್ ಮೊನಾಕ್ಸೈಡ್ ಹುಟ್ಟುವುದು ಹೀಗೇ. ಇದರ ಹೊಂದಾಣಿಕೆ ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಡ್ರೈಯರ್ ಓಡುವಾಗ ಮನೆಯವರಿಗೆ ತಲೆನೋವು, ವಾಕರಿಕೆ ಬಂದಿದ್ದರೆ ಎಲ್ಲರೂ ಹೊರಗೆ ಹೋಗಿ ಅಲ್ಲಿಂದ 911ಕ್ಕೆ ಕರೆ ಮಾಡಿ.

ರಿಪೇರಿ ಆದ ಮೇಲೆ

ಪೈಪಿನ ವಾಲ್ವ್ ತೆರೆದು, ಡ್ರೈಯರಿನ ಹಿಂದೆ ನೀವು ಅಲುಗಿಸಿದ ಜೋಡಣೆಗಳಿಗೆಲ್ಲ ಪಾತ್ರೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸೋರುತ್ತಿದೆ. ತಕ್ಷಣ ವಾಲ್ವ್ ಮುಚ್ಚಿ. ಕಡ್ಡಿ ಗೀರಿ ನೋಡುವುದು ಹಳೇ ಕಾಲದ ಹುಚ್ಚು. ಡ್ರೈಯರನ್ನು ಹಿಂದಕ್ಕೆ ತಳ್ಳುವಾಗ ಡಕ್ಟ್ ಚಪ್ಪಟೆಯಾಗದಂತೆ ಇಬ್ಬರು ಸೇರಿ ತಳ್ಳಿ. ಎಷ್ಟೋ ಸಲ ಹೊಸ ತೊಂದರೆ ಹುಟ್ಟುವುದು ಇಲ್ಲೇ. ಕೆಳಗಿನ ಪಟ್ಟಿ ಹಾಕುವ ಮುಂಚೆ ಎರಡು ಲೋಡ್ ಹಿಂದೆ ಹಿಂದೆಯೇ ಓಡಿಸಿ. ಓಡುವಷ್ಟು ಹೊತ್ತೂ ಹತ್ತಿರವೇ ಇರಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ಎರಡನೇ ಲೋಡಿನಲ್ಲೂ ಉರಿ ಹತ್ತಿದರೆ ಮಾತ್ರ ಕೆಲಸ ಮುಗಿಯಿತು.

ಯಾರನ್ನು ಕರೆಯಬೇಕು, ಏನು ಹೇಳಬೇಕು

ಬಾಡಿಗೆ ಮನೆಯಾದರೆ ಗುಂಡಿ, ಲಿಂಟ್, ಹೊರಗಿನ ಕಿಂಡಿ ನೋಡಿದ ಮೇಲೆ ಮೇಂಟೆನೆನ್ಸ್‌ಗೆ ಬರೆದು ತಿಳಿಸಿ. ಬೇರೆ ಏನನ್ನೂ ಬಿಚ್ಚಬೇಡಿ. ಮಾಲೀಕರ ಯಂತ್ರವನ್ನು ಬಿಚ್ಚಿ ಏನಾದರೂ ಆದರೆ ಹೊಣೆ ನಿಮ್ಮ ತಲೆಗೆ ಬರುತ್ತದೆ. ಸ್ವಂತ ಮನೆಯಾದರೆ ವಾರಂಟಿ ಉಳಿದಿದೆಯಾ ನೋಡಿ, ಮಾಡೆಲ್ ನಂಬರ್ ಹಾಕಿ ಸುರಕ್ಷತಾ ಆಯೋಗದ ರೀಕಾಲ್ ಪಟ್ಟಿಯನ್ನೂ ಒಮ್ಮೆ ಹುಡುಕಿ. ವಾಸನೆಗೆ ಗ್ಯಾಸ್ ಕಂಪನಿ. ಗ್ಯಾಸಿನ ಜೋಡಣೆ ಬಿಚ್ಚಬೇಕಾದ ಯಾವ ಕೆಲಸಕ್ಕೂ, ಬೋರ್ಡಿಗೂ, ಪ್ರೊಪೇನ್ ಬದಲಾವಣೆಗೂ ಅಪ್ಲೈಯನ್ಸ್ ಮೆಕ್ಯಾನಿಕ್.

ಫೋನಿನಲ್ಲಿ "ಬಿಸಿ ಆಗ್ತಿಲ್ಲ" ಅಂತ ಮಾತ್ರ ಹೇಳಿದರೆ ಅವರು ಒಮ್ಮೆ ಬಂದು ನೋಡಿ, ಬಿಡಿಭಾಗ ತರಲು ಹೋಗಿ, ಇನ್ನೊಂದು ದಿನ ಬರುತ್ತಾರೆ. ಬದಲಿಗೆ ಮಾಡೆಲ್ ನಂಬರ್ ಕೊಟ್ಟು ಹೀಗೆ ಹೇಳಿ: "ಗ್ಯಾಸ್ ಡ್ರೈಯರ್. ಡ್ರಮ್ ತಿರುಗುತ್ತದೆ. ಇಗ್ನೈಟರ್ ಹೊಳೆದು ಆರುತ್ತದೆ, ಉರಿ ಹತ್ತುವುದಿಲ್ಲ. ವಾಲ್ವ್ ತೆರೆದಿದೆ, ಹೊರಗೆ ಗಾಳಿ ಜೋರಾಗಿ ಬರುತ್ತಿದೆ." ಗೊತ್ತಿರುವವರಾದರೆ ಕಾಯಿಲ್ ಚೀಲದಲ್ಲಿ ಹಾಕಿಕೊಂಡೇ ಬರುತ್ತಾರೆ. ನೋಡಲು ಬರುವ ಫೀಸನ್ನು ರಿಪೇರಿ ಬಿಲ್ಲಿನಲ್ಲಿ ಕಳೆಯುತ್ತಾರಾ ಅಂತ ಆಗಲೇ ಕೇಳಿಬಿಡಿ.